ದೇವಗಿರಿಗೆ ಕೆಲಸ ಹುಡುಕಿ ಬಂದವರು

ನಾಸಿಕದ ಸಾತ್‌ಪುರ, ಅಂಬಡ್. ಛತ್ರಪತಿ ಸಂಭಾಜಿನಗರದ ವಾಳೂಜ್, ಚಿಕಲ್‌ಠಾಣಾ. ಮಹಾರಾಷ್ಟ್ರದ ಈ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಹುಡುಕುವ ಹೊಸ ಪದವೀಧರರಿಗೆ ಇವತ್ತು ಸಿಗುವ ಬುದ್ಧಿಮಾತು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸಿಗುವುದಕ್ಕಿಂತ ಬೇರೆಯೇನಲ್ಲ: ಅಂಕಪಟ್ಟಿ ಎಲ್ಲರ ಹತ್ತಿರವೂ ಇದೆ, ನಿನ್ನದೇ ಒಂದು ಹೆಸರು ಕಟ್ಟಿಕೋ. ಅದಕ್ಕೆ ಈಗ ‘ಪರ್ಸನಲ್ ಬ್ರ್ಯಾಂಡ್’ ಎನ್ನುತ್ತಾರೆ. ಲಿಂಕ್ಡ್‌ಇನ್ ಪುಟದಲ್ಲಿ ಹೆಸರಿನ ಕೆಳಗೆ ಯಾವ ಸಾಲು ಹಾಕಬೇಕು, ತನ್ನನ್ನು ತಾನು ಎಷ್ಟರಮಟ್ಟಿಗೆ ಹೊಗಳಿಕೊಂಡರೆ ಅತಿಯಾಗುವುದಿಲ್ಲ ಎಂದು ಹೇಳಿಕೊಡುವ ತರಬೇತಿಗಳೂ ಇವೆ. ಕೇಳುವ ಹುಡುಗ ಹುಡುಗಿಯರಿಗೆ ಒಳಗೊಳಗೇ ಮುಜುಗರ. ನಮ್ಮ ಕಡೆ ಆತ್ಮಪ್ರಶಂಸೆ ಒಳ್ಳೆಯದಲ್ಲ ಎಂದು ಹೇಳಿಯೇ ಮಕ್ಕಳನ್ನು ಬೆಳೆಸುತ್ತಾರೆ. ಕೆಲಸ ಬೇಕೆಂದರೆ ಮಾತ್ರ ಅದನ್ನೇ ಮಾಡು ಎನ್ನುತ್ತಾರೆ.

ಈ ಮುಜುಗರಕ್ಕೆ ಚರಿತ್ರೆಯ ಬೆಂಬಲ ಹೆಚ್ಚಿಲ್ಲ. ಸಂಭಾಜಿನಗರದಿಂದ ಹದಿನೈದು ಕಿಲೋಮೀಟರ್ ದೂರದಲ್ಲಿರುವ ದೌಲತಾಬಾದಿನ ಕೋಟೆ 12ನೇ ಶತಮಾನದ ಕೊನೆಯಿಂದ 14ನೇ ಶತಮಾನದ ಆರಂಭದವರೆಗೆ ದೇವಗಿರಿ ಎಂಬ ಹೆಸರಿನಲ್ಲಿ ಸೇವುಣರ ರಾಜಧಾನಿಯಾಗಿತ್ತು. ವಿದ್ವಾಂಸರು, ಜ್ಯೋತಿಷಿಗಳು, ಕರಣಿಕರು, ವೈದ್ಯರು ಅಲ್ಲಿಗೆ ಕೆಲಸ ಹುಡುಕಿಕೊಂಡು ಬಂದರು. ಬಂದವರು ತಾವು ಯಾರು, ಯಾರ ಮಗ, ಏನು ಬಲ್ಲೆವು ಎಂಬುದನ್ನು ಸಂಕೋಚವಿಲ್ಲದೆ ಬರೆದಿಟ್ಟರು. ಕೆಲವರು ಗ್ರಂಥದ ಮೊದಲ ಪುಟಗಳಲ್ಲಿ ಬರೆದರೆ ಕೆಲವರು ಕಲ್ಲಿನ ಮೇಲೆ ಬರೆಸಿದರು. ಅವರಿಗೆ ಕೆಲಸ ಕೊಡಿಸಿದ್ದು ಏನು, ಅವರ ಹೆಸರನ್ನು ಉಳಿಸಿದ್ದು ಏನು, ಆ ಹೆಸರುಗಳ ನೆರಳಿನಲ್ಲಿ ಮರೆಯಾದವರು ಯಾರು ಎಂದು ಕೇಳಿಕೊಳ್ಳುವಷ್ಟು ಸಾಕ್ಷ್ಯ ಇವತ್ತಿಗೂ ಉಳಿದಿದೆ.

ಮೊದಲು ದೊರೆಯ ಬಿರುದು

ಸೇವುಣರ ಕಥೆ ಶುರುವಾಗುವುದು ನಾಸಿಕದ ಸೀಮೆಯಲ್ಲಿ. 9ನೇ ಶತಮಾನದಲ್ಲಿ ದೃಢಪ್ರಹಾರನೆಂಬವನು ಚಂದ್ರಾದಿತ್ಯಪುರದಲ್ಲಿ ನೆಲೆ ನಿಂತ. ಅದು ನಾಸಿಕ ಜಿಲ್ಲೆಯ ಇಂದಿನ ಚಾಂದವಡ ಎಂದು ಗುರುತಿಸುತ್ತಾರೆ. ಅವನ ಮಗ ಸೇವುಣಚಂದ್ರನಿಂದ ನಾಡಿಗೂ ವಂಶಕ್ಕೂ ಸೇವುಣ ಎಂಬ ಹೆಸರು ಬಂತು. ಮುಂದೆ ನಾಸಿಕದ ಹತ್ತಿರದ ಸಿನ್ನರ್ ಅವರ ಮುಖ್ಯ ಪಟ್ಟಣವಾಯಿತು. ಸುಮಾರು ಮುನ್ನೂರು ವರ್ಷ ಅವರು ಸಾಮಂತರು, ಮೊದಲು ಮಾನ್ಯಖೇಟದ ರಾಷ್ಟ್ರಕೂಟರಿಗೆ, ಆಮೇಲೆ ಕಲ್ಯಾಣದ ಚಾಲುಕ್ಯರಿಗೆ. 1187ರ ಸುಮಾರಿಗೆ ಐದನೆಯ ಭಿಲ್ಲಮ ಚಾಲುಕ್ಯರ ನೊಗ ಕಳಚಿ ಸ್ವತಂತ್ರನಾದ; ದೇವಗಿರಿ ರಾಜಧಾನಿಯಾಯಿತು. ಕನ್ನಡ ನಾಡಿನ ದೊಡ್ಡ ಭಾಗ ಅವರ ಕೈಗೆ ಬಂತು. ಅವರ ಕಾಲದ ನೂರಾರು ಶಾಸನಗಳು ಕನ್ನಡದಲ್ಲಿವೆ.

ನೆನ್ನೆಯವರೆಗೆ ಸಾಮಂತನಾಗಿದ್ದವನು ಇವತ್ತು ಚಕ್ರವರ್ತಿ ಎಂದರೆ ಜನ ನಂಬಬೇಕಲ್ಲ? ಸೇವುಣರು ತಮ್ಮನ್ನು ಯದುವಂಶದವರೆಂದು ಕರೆದುಕೊಂಡು ‘ದ್ವಾರಾವತೀಪುರವರಾಧೀಶ್ವರ’ ಎಂಬ ಬಿರುದು ಧರಿಸಿದರು. ಕೃಷ್ಣನ ದ್ವಾರಕೆಯ ಒಡೆಯರು ಎಂದು ಅದರರ್ಥ. ದಕ್ಷಿಣದಲ್ಲಿ ದೋರಸಮುದ್ರದ ಹೊಯ್ಸಳರೂ ಇದನ್ನೇ ಹೇಳುತ್ತಿದ್ದರು: ಅವರೂ ಯಾದವರು, ಅವರೂ ದ್ವಾರಾವತಿಯ ಒಡೆಯರು. ಒಂದೇ ಬಿರುದಿನ ಎರಡು ಮನೆತನಗಳು ಗದಗದ ಬಳಿಯ ಸೊರಟೂರಿನಲ್ಲಿ ಕಾದಾಡಿದವು. ಇಮ್ಮಡಿ ಬಲ್ಲಾಳ ಭಿಲ್ಲಮನನ್ನು ಸೋಲಿಸಿದ. ಇಬ್ಬರ ಆಸ್ಥಾನದಲ್ಲೂ ವಂಶಾವಳಿ ಹೊಸೆಯುವ, ಲೆಕ್ಕ ಬರೆಯುವ, ಶಾಸನ ರಚಿಸುವ, ಮುಹೂರ್ತ ಇಡುವ ಜನ ಬೇಕಿತ್ತು. ಹೊಸ ರಾಜಧಾನಿ ಎಂದರೆ ಹೊಸ ಹುದ್ದೆಗಳು.

ಕಾಶ್ಮೀರದಿಂದ ಕಲ್ಯಾಣಕ್ಕೆ

ಊರು ಬಿಟ್ಟು ದೂರದ ಆಸ್ಥಾನದಲ್ಲಿ ಕೆಲಸ ಗಿಟ್ಟಿಸುವ ದಾರಿಯನ್ನು ಅದಕ್ಕೂ ನೂರು ವರ್ಷ ಹಿಂದೆ ಒಬ್ಬ ಕಾಶ್ಮೀರಿ ಕವಿ ತೋರಿಸಿಕೊಟ್ಟಿದ್ದ. 11ನೇ ಶತಮಾನದ ಬಿಲ್ಹಣ ತನ್ನ ಊರಾದ ಖೋನಮುಖವನ್ನು ಬಿಟ್ಟು ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ದಾಟಿ, ಕಳಚುರಿ ಕರ್ಣನ ಆಸ್ಥಾನದಲ್ಲಿ ಕೆಲಕಾಲ ಇದ್ದು, ಗುಜರಾತು ಹಾದು, ರಾಮೇಶ್ವರದವರೆಗೆ ಹೋಗಿ, ಕೊನೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯ ಪಡೆದ. ದೊರೆ ಅವನಿಗೆ ‘ವಿದ್ಯಾಪತಿ’ ಎಂಬ ಪದವಿ ಕೊಟ್ಟ. ಪ್ರತಿಯಾಗಿ ಬಿಲ್ಹಣ ‘ವಿಕ್ರಮಾಂಕದೇವಚರಿತ’ ಬರೆದ. ಹದಿನೆಂಟು ಸರ್ಗಗಳ ಆ ಕಾವ್ಯದಲ್ಲಿ ಹದಿನೇಳು ಸರ್ಗ ದೊರೆಯ ಕಥೆಗಾದರೆ ಕೊನೆಯದು ಕವಿಯ ಮನೆ, ಊರು, ಅಲೆದಾಟಗಳಿಗೆ ಮೀಸಲು. ದೊರೆಯ ಹೆಸರು ಉಳಿಸುವ ಪುಸ್ತಕದಲ್ಲಿ ತನ್ನ ಹೆಸರಿಗೂ ಜಾಗ ಮಾಡಿಕೊಂಡ.

ಬಿಲ್ಹಣನ ಬಗ್ಗೆ ಕಲ್ಹಣ ‘ರಾಜತರಂಗಿಣಿ’ಯಲ್ಲಿ ಒಂದು ಮಾತು ಸೇರಿಸುತ್ತಾನೆ. ಕರ್ಣಾಟದಲ್ಲಿ ಆನೆ, ಛತ್ರಿಗಳ ಮರ್ಯಾದೆ ಪಡೆದಿದ್ದ ಈ ಕವಿಗೆ, ತನ್ನ ಊರಿನಲ್ಲಿ ಹರ್ಷನೆಂಬ ಕಾವ್ಯಪ್ರಿಯ ದೊರೆ ಬಂದಿದ್ದಾನೆಂದು ಕೇಳಿದಾಗ, ಇಲ್ಲಿನ ಅಷ್ಟು ವೈಭವವೂ ಸಪ್ಪೆ ಎನಿಸಿತಂತೆ. ದೂರದೇಶದಲ್ಲಿ ಒಳ್ಳೆಯ ಕೆಲಸದಲ್ಲಿರುವ ಯಾರಿಗೂ ಈ ಸಂಕಟ ಹೊಸದಲ್ಲ.

ಅಜ್ಜನ ಪುಸ್ತಕ, ಮೊಮ್ಮಗನ ಮಠ

ಸಂಭಾಜಿನಗರ ಜಿಲ್ಲೆಯ ಗಡಿಗೆ ಹೊಂದಿಕೊಂಡು, ಗೌತಾಳಾ ಬೆಟ್ಟಗಳ ಬುಡದಲ್ಲಿ, ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ಹತ್ತಿರ ಪಾಟಣ ಎಂಬ ಊರಿದೆ. ಅಲ್ಲಿ 1207ರ ಒಂದು ಶಾಸನ ಇದೆ. ಅದನ್ನು ಬರೆಸಿದವನು ಚಾಂಗದೇವ, ಸೇವುಣ ಸಿಂಘಣನ ಮುಖ್ಯ ಜ್ಯೋತಿಷಿ. ಗಣಿತಜ್ಞ ಭಾಸ್ಕರಾಚಾರ್ಯನ ಮೊಮ್ಮಗ.

ಶಾಸನ ಅವನ ವಂಶವನ್ನು ತಲೆಮಾರು ತಲೆಮಾರಾಗಿ ಹೇಳುತ್ತದೆ. ಮೂಲಪುರುಷ ತ್ರಿವಿಕ್ರಮ, ಕವಿಚಕ್ರವರ್ತಿ. ರಾಷ್ಟ್ರಕೂಟ ಮೂರನೆಯ ಇಂದ್ರನ ಕಾಲದಲ್ಲಿ ‘ನಳಚಂಪು’ ಬರೆದ ತ್ರಿವಿಕ್ರಮಭಟ್ಟ ಇವನೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅವನ ಮಗ ಭಾಸ್ಕರಭಟ್ಟನಿಗೆ ಭೋಜರಾಜ ‘ವಿದ್ಯಾಪತಿ’ ಎಂಬ ಪದವಿ ಕೊಟ್ಟ. ಕೆಲವು ತಲೆಮಾರುಗಳ ಬಳಿಕ ಮಹೇಶ್ವರ, ಅವನ ಮಗ ಭಾಸ್ಕರಾಚಾರ್ಯ, ಅವನ ಮಗ ಲಕ್ಷ್ಮೀಧರ. ಈ ಲಕ್ಷ್ಮೀಧರ ಸಕಲ ಶಾಸ್ತ್ರಗಳನ್ನು ಬಲ್ಲವನೆಂದು ತಿಳಿದು ಭಿಲ್ಲಮನ ಮಗ ಜೈತ್ರಪಾಲ ಅವನನ್ನು ಪಾಟಣದಿಂದ ಕರೆದೊಯ್ದು ಪಂಡಿತರಿಗೆಲ್ಲ ಮುಖ್ಯಸ್ಥನನ್ನಾಗಿ ಮಾಡಿದ. ಅವನ ಮಗನೇ ಚಾಂಗದೇವ. ಆಸ್ಥಾನದಿಂದ ಆಸ್ಥಾನಕ್ಕೆ ದಾಟುತ್ತ ಸುಮಾರು ಮುನ್ನೂರು ವರ್ಷ ವಿದ್ಯೆಯನ್ನೇ ನೆಚ್ಚಿ ಬದುಕಿದ ಮನೆತನ. ದೊರೆಗಳು ಹೋದರು, ವಂಶಗಳು ಅಳಿದವು. ಈ ಮನೆಯವರಿಗೆ ಮಾತ್ರ ಮುಂದಿನ ದೊರೆಯ ಕರೆ ಬರುತ್ತಲೇ ಇತ್ತು.

ಹೊಗಳಿಕೆಯ ಭಾಗ ಇಷ್ಟು. ಅದರ ಹಿಂದೆ ಇದ್ದ ಸರಕು ಎಂಥದು? ಭಾಸ್ಕರಾಚಾರ್ಯ ತಾನು ಶಕ 1036ರಲ್ಲಿ, ಎಂದರೆ 1114ರಲ್ಲಿ, ಹುಟ್ಟಿದವನೆಂದೂ ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದೆನೆಂದೂ ತಾನೇ ಹೇಳಿದ್ದಾನೆ. ಊರು ವಿಜ್ಜಡವಿಡ, ಸಹ್ಯಾದ್ರಿಯ ಸಮೀಪ ಎಂದೂ ಹೇಳುತ್ತಾನೆ. ಅದು ಎಲ್ಲಿದೆ ಎಂಬ ಚರ್ಚೆಯಲ್ಲಿ ನಮ್ಮ ವಿಜಯಪುರದ ಹೆಸರೂ ಇದೆ, ಪಾಟಣದ ಸುತ್ತಲಿನ ಸೀಮೆಯ ಹೆಸರೂ ಇದೆ. ಆದರೆ ಅವನ ಹೆಸರು ನಿಂತಿದ್ದು ಈ ಪರಿಚಯದ ಸಾಲುಗಳ ಮೇಲಲ್ಲ. ಸೂತ್ರ ಕೊಟ್ಟು ಸುಮ್ಮನಾಗದೆ, ಅದು ಹಾಗೇ ಏಕೆ ಎಂದು ತೋರಿಸುವ ‘ವಾಸನಾಭಾಷ್ಯ’ವನ್ನೂ ಅವನೇ ಬರೆದ. ಲೆಕ್ಕ ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ಮಾಡಿ ನೋಡಬಹುದಿತ್ತು. ಜ್ಯೋತಿಷಿಯ ಕೆಲಸದಲ್ಲಿ ಇನ್ನೊಂದು ಕಠಿಣ ಪರೀಕ್ಷೆಯೂ ಇತ್ತು. ಗ್ರಹಣ ಇಂಥ ದಿನ, ಇಂಥ ಹೊತ್ತಿಗೆ ಎಂದು ಹೇಳಿದ ಮೇಲೆ ಅದು ಆಗಬೇಕು. ಆಗದಿದ್ದರೆ ಇಡೀ ಊರಿಗೆ ಗೊತ್ತಾಗುತ್ತದೆ.

ಪಾಟಣದ ಶಾಸನದಲ್ಲಿ ದತ್ತಿ ಕೊಟ್ಟದ್ದೂ ಗ್ರಹಣದ ದಿನವೇ. ಭಾಸ್ಕರಾಚಾರ್ಯನ ಸಿದ್ಧಾಂತ ಶಿರೋಮಣಿಯನ್ನೂ ಆ ಮನೆತನದವರ ಇತರ ಗ್ರಂಥಗಳನ್ನೂ ಕಲಿಸಲು ಚಾಂಗದೇವ ಒಂದು ಮಠ ಕಟ್ಟಿಸಿದ. ಸ್ಥಳೀಯ ನಿಕುಂಭ ಮನೆತನದ ಸೋಯಿದೇವ 1207ರ ಶ್ರಾವಣ ಹುಣ್ಣಿಮೆಯ ಚಂದ್ರಗ್ರಹಣದಂದು ಅದಕ್ಕೆ ದತ್ತಿ ಬಿಟ್ಟ. ಶಾಸನದ ಬಹುಭಾಗ ಸಂಸ್ಕೃತ. ಕೊನೆಗೆ ಬಂದಾಗ ಅದು ಊರಿನ ಮಾತಿಗೆ, ಹಳೆಯ ಮರಾಠಿಗೆ, ಇಳಿಯುತ್ತದೆ. ಮಠಕ್ಕೆ ಗಾಣದ ಎಣ್ಣೆಯಲ್ಲಿ ಇಷ್ಟು, ಅಡಕೆಯಲ್ಲಿ ಇಷ್ಟು, ವ್ಯಾಪಾರದಲ್ಲಿ ಇಷ್ಟು ಎಂಬ ಪಾಲಿನ ವಿವರ ಅಲ್ಲಿದೆ. ಕವಿಚಕ್ರವರ್ತಿ, ವಿದ್ಯಾಪತಿ ಎಂಬ ದೊಡ್ಡ ಬಿರುದುಗಳಿಂದ ಶುರುವಾದ ಬರಹ ಗಾಣಿಗನ ಎಣ್ಣೆಗೆ ಬಂದು ನಿಲ್ಲುತ್ತದೆ. ಹೆಸರು ಮುಂದಿನ ತಲೆಮಾರಿಗೆ ಹೋಗಬೇಕಾದರೆ ಪಾಠ ನಡೆಯಬೇಕು, ಪಾಠ ನಡೆಯಬೇಕಾದರೆ ರಾತ್ರಿ ದೀಪಕ್ಕೆ ಎಣ್ಣೆ ಬೇಕು, ಹುಡುಗರಿಗೆ ಊಟ ಬೇಕು. ಮೊಮ್ಮಗ ಅಜ್ಜನ ಹೆಸರಿನ ಬಲದಿಂದ ಕೆಲಸ ಪಡೆದಿರಬಹುದು. ಪಡೆದ ಮೇಲೆ ಅಜ್ಜನ ಪುಸ್ತಕ ಓದುವವರು ಇರುವಂತೆ ನೋಡಿಕೊಂಡ.

ಈ ಶಾಸನ ಹೊಸ ಕಾಲದ ಕಣ್ಣಿಗೆ ಬಿದ್ದದ್ದು 1865ರಲ್ಲಿ, ಮುಂಬಯಿಯ ವೈದ್ಯ, ವಿದ್ವಾಂಸ ಭಾವು ದಾಜಿಯವರ ಮೂಲಕ. ಮಠ ಅಷ್ಟುಹೊತ್ತಿಗೆ ಇಲ್ಲವಾಗಿತ್ತು. ‘ಲೀಲಾವತಿ’ಯ ಲೆಕ್ಕಗಳು ಮಾತ್ರ ದೇಶದ ಪಾಠಶಾಲೆಗಳಲ್ಲಿ ಎಡೆಬಿಡದೆ ನಡೆದು ಬಂದಿದ್ದವು.

ನಿಃಶಂಕನೆಂಬ ಕರಣಿಕ

ಅದೇ ಸಿಂಘಣನ ಆಸ್ಥಾನದಲ್ಲಿ ಇನ್ನೊಂದು ವಲಸೆಗಾರ ಮನೆತನವಿತ್ತು. ಇವರ ಹಿರಿಯನ ಹೆಸರೂ ಭಾಸ್ಕರ, ಮೂಲ ಕಾಶ್ಮೀರ. ಬಿಲ್ಹಣನಂತೆ ಇವನೂ ದಕ್ಷಿಣಕ್ಕೆ ಬಂದ. ಇವನ ಮಗ ಸೋಢಲ ಭಿಲ್ಲಮನ ಬಳಿ, ಆಮೇಲೆ ಸಿಂಘಣನ ಬಳಿ ಕೆಲಸಕ್ಕಿದ್ದ. ಸೋಢಲನ ಮಗ ಶಾರ್ಙ್ಗದೇವ. ಹುದ್ದೆ ಶ್ರೀಕರಣದ್ದು, ಎಂದರೆ ರಾಜ್ಯದ ಲೆಕ್ಕಪತ್ರದ ಕಚೇರಿಯ ಮುಖ್ಯಸ್ಥಿಕೆ. ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪದ ಇದು. ನಮ್ಮ ಹಳ್ಳಿಗಳ ಕರಣಿಕ, ಶಾನುಭೋಗರು ಅದೇ ಏಣಿಯ ಕೆಳಗಿನ ಮೆಟ್ಟಿಲಿನವರು.

ಈ ಲೆಕ್ಕದ ಅಧಿಕಾರಿ ಬರೆದ ‘ಸಂಗೀತರತ್ನಾಕರ’ ಭಾರತೀಯ ಸಂಗೀತದ ಬಹುದೊಡ್ಡ ಗ್ರಂಥಗಳಲ್ಲಿ ಒಂದು. ಸ್ವರ, ರಾಗ, ಪ್ರಕೀರ್ಣಕ, ಪ್ರಬಂಧ, ತಾಳ, ವಾದ್ಯ, ನೃತ್ಯ ಎಂದು ಏಳು ಅಧ್ಯಾಯಗಳು. ಮೊದಲ ಪುಟಗಳಲ್ಲಿ ಶಾರ್ಙ್ಗದೇವನ ಆತ್ಮಪರಿಚಯ ಇದೆ, ಯಾವ ಸಂಕೋಚವೂ ಇಲ್ಲದೆ. ಬ್ರಾಹ್ಮಣರಿಗೆ ಧನ, ತಿಳಿಯಬಯಸುವವರಿಗೆ ವಿದ್ಯೆ, ರೋಗಿಗಳಿಗೆ ಔಷಧ ಕೊಟ್ಟವನು ಎಂಬ ಅರ್ಥದ ಮಾತುಗಳಿವೆ. ಎಲ್ಲೆಲ್ಲೋ ಅಲೆದು ದಣಿದ ಸರಸ್ವತಿ ಕೊನೆಗೆ ತನ್ನ ಮನೆಯಲ್ಲಿ ವಿಶ್ರಮಿಸಿಕೊಂಡಳು ಎಂಬಷ್ಟರವರೆಗೂ ಅವನು ಹೋಗುತ್ತಾನೆ. ಅಲೆದು ದಣಿದದ್ದು ಅವನ ಅಜ್ಜ ಎಂಬುದನ್ನು ನೆನೆದರೆ ಈ ಅತಿಶಯೋಕ್ತಿಯಲ್ಲಿ ಮನೆಯ ನೆನಪೂ ಸೇರಿದೆ ಎನ್ನಿಸುತ್ತದೆ.

ತನಗೆ ತಾನೇ ಅವನು ಒಂದು ಹೆಸರನ್ನೂ ಇಟ್ಟುಕೊಂಡ: ನಿಃಶಂಕ. ಸಂದೇಹವಿಲ್ಲದವನು. ಗ್ರಂಥದುದ್ದಕ್ಕೂ ಅದು ಅವನ ಅಂಕಿತದ ಹಾಗೆ ಬರುತ್ತದೆ. ವಾದ್ಯಗಳ ಅಧ್ಯಾಯದಲ್ಲಿ ‘ನಿಃಶಂಕವೀಣೆ’ ಎಂಬ ವಾದ್ಯವೇ ಇದೆ. ಇವತ್ತಿನ ತರಬೇತುದಾರರು ಕಂಡಿದ್ದರೆ ಉದಾಹರಣೆಯಾಗಿ ತೋರಿಸುತ್ತಿದ್ದರು. ಮೂರು ಅಕ್ಷರದ ಹೆಸರು, ಎಲ್ಲ ಕಡೆ ಅದೇ ಹೆಸರು, ಕೊನೆಗೆ ಆ ಹೆಸರಿನದೇ ವಾದ್ಯ.

ಆದರೆ ಪರಿಚಯದ ಪುಟ ದಾಟಿ ಒಳಗೆ ಹೋದರೆ ಬೇರೊಬ್ಬ ಮನುಷ್ಯ ಸಿಗುತ್ತಾನೆ. ತಾನು ಬರೆಯುವ ಮುಂಚೆ ಈ ಶಾಸ್ತ್ರದಲ್ಲಿ ದುಡಿದವರ ಉದ್ದನೆಯ ಪಟ್ಟಿ ಕೊಡುತ್ತಾನೆ. ಭರತ, ಮತಂಗರಿಂದ ಹಿಡಿದು ಕಲ್ಯಾಣದ ಸೋಮೇಶ್ವರನವರೆಗೆ ಹಲವರ ಹೆಸರುಗಳು ಅಲ್ಲಿವೆ. ಸೇವುಣರು ಸೋಲಿಸಿ ಬದಿಗೊತ್ತಿದ ಮನೆತನದ ದೊರೆಯನ್ನು ಸೇವುಣರ ಅಧಿಕಾರಿಯೊಬ್ಬ ಆಚಾರ್ಯರ ಸಾಲಿನಲ್ಲಿ ನಿಲ್ಲಿಸಿದ. ಆಮೇಲೆ ಲೆಕ್ಕದವನ ಶಿಸ್ತು ಕಾಣುತ್ತದೆ: 264 ರಾಗಗಳು, ಒಂದೊಂದಕ್ಕೂ ಲಕ್ಷಣ, ತಾಳಗಳಿಗೆ ಅಳತೆ, ವೀಣೆಗಳಿಗೆ ಅಳತೆ.

ಕೆಲಸಕ್ಕೆ ಆರಿಸುವವರ ದೃಷ್ಟಿಯಿಂದ ನೋಡಿದರೆ ಪ್ರಕೀರ್ಣಕ ಎಂಬ ಮೂರನೆಯ ಅಧ್ಯಾಯ ತುಂಬ ಸ್ವಾರಸ್ಯದ್ದು. ಮಾತು ಮತ್ತು ಧಾತು ಎರಡನ್ನೂ ಕಟ್ಟುವ ವಾಗ್ಗೇಯಕಾರನಲ್ಲಿ ಉತ್ತಮ ಯಾರು, ಮಧ್ಯಮ ಯಾರು, ಅಧಮ ಯಾರು ಎಂದು ಅಲ್ಲಿ ವಿಂಗಡಿಸಿದ್ದಾನೆ. ಹಾಡುವವನ ಗುಣಗಳು ಇಂಥವು, ದೋಷಗಳು ಇಪ್ಪತ್ತೈದು ಎಂದು ಎಣಿಸಿದ್ದಾನೆ: ಹಲ್ಲು ಕಚ್ಚಿಕೊಂಡು ಹಾಡುವುದು, ಕಣ್ಣು ಮುಚ್ಚಿಕೊಂಡು ಹಾಡುವುದು, ಹೆದರಿ ಹಾಡುವುದು, ಬಾಯಿ ವಿಕಾರವಾಗಿ ತೆರೆಯುವುದು ಹೀಗೆ. ಒಳ್ಳೆಯ ಮೇಳ ಎಂದರೆ ನಾಲ್ವರು ಮುಖ್ಯ ಗಾಯಕರು, ಎಂಟು ಮಂದಿ ಜೊತೆ ಹಾಡುವವರು, ಹನ್ನೆರಡು ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮದ್ದಳೆಯವರು ಎಂದು ಸಂಖ್ಯೆಯನ್ನೂ ಕೊಡುತ್ತಾನೆ. ತಾನು ಸರಸ್ವತಿಯ ವಿಶ್ರಾಂತಿಧಾಮ ಎಂದು ಹೇಳಿಕೊಂಡವನು ಬೇರೆಯವರನ್ನು ಅಳೆಯುವಾಗ ಬಿರುದುಗಳನ್ನು ಕೇಳುವುದಿಲ್ಲ. ಹಾಡಿಸಿ ನೋಡುತ್ತಾನೆ.

ಸೇವುಣರ ಆಸ್ಥಾನ ಮುಗಿದು ಹೋದ ನೂರು ವರ್ಷಗಳ ಮೇಲೆ, 15ನೇ ಶತಮಾನದ ನಡುಭಾಗದಲ್ಲಿ, ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಶ್ರಯದಲ್ಲಿದ್ದ ಕಲ್ಲಿನಾಥ ಈ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ. ಕಲ್ಲಿನಾಥನಿಗೆ ಬೇಕಾದದ್ದು ಗ್ರಂಥದ ಒಳಗಿನ ಶಾಸ್ತ್ರ. ಅದು ಉಳಿದುದರಿಂದ ಮೊದಲ ಪುಟದ ಹೊಗಳಿಕೆಯೂ ಉಳಿಯಿತು. ಶಾರ್ಙ್ಗದೇವ ಬರೆದ ಲೆಕ್ಕದ ಕಡತಗಳಲ್ಲಿ ಒಂದೂ ಇವತ್ತಿಲ್ಲ.

ಹೇಮಾದ್ರಿಯ ಹೆಸರು ಹೋದಲ್ಲೆಲ್ಲ

ಎರಡು ತಲೆಮಾರು ಕಳೆದು, 13ನೇ ಶತಮಾನದ ಉತ್ತರಾರ್ಧದಲ್ಲಿ, ಅದೇ ಶ್ರೀಕರಣದ ಹುದ್ದೆಗೆ ಹೇಮಾದ್ರಿ ಬಂದ. ಮಹಾದೇವ, ರಾಮಚಂದ್ರ ಇಬ್ಬರು ದೊರೆಗಳ ಕಾಲದಲ್ಲೂ ಅಧಿಕಾರದಲ್ಲಿದ್ದ. ಅವನ ‘ಚತುರ್ವರ್ಗಚಿಂತಾಮಣಿ’ ವ್ರತ, ದಾನ, ತೀರ್ಥ, ಮೋಕ್ಷ, ಪರಿಶೇಷ ಎಂಬ ಭಾಗಗಳ ಮಹಾಕೋಶ. ವಾಗ್ಭಟನ ‘ಅಷ್ಟಾಂಗಹೃದಯ’ಕ್ಕೆ ‘ಆಯುರ್ವೇದರಸಾಯನ’ ಎಂಬ ವ್ಯಾಖ್ಯಾನವೂ ಅವನದು. ವ್ರತಖಂಡದ ಮುಂದೆ ಸೇವುಣರ ವಂಶಾವಳಿಯನ್ನು ಇಟ್ಟ. ಇವತ್ತು ದೃಢಪ್ರಹಾರನಿಂದ ಶುರುವಾಗುವ ಕಥೆ ತಿಳಿದಿರುವುದಕ್ಕೆ ಮುಖ್ಯ ಆಧಾರಗಳಲ್ಲಿ ಅದೂ ಒಂದು. ದೊರೆಯ ಹೊಗಳಿಕೆಯ ಪಕ್ಕದಲ್ಲೇ ತನ್ನದೂ ಇದೆ. ಹುದ್ದೆಗೆ ಒಪ್ಪುವ ಹಾಗೆ, ಬಡವರ ಹಣೆಬರಹವನ್ನೇ ತಿದ್ದಿ ಬರೆಯುವ ಕರಣಿಕ ಎಂಬಂಥ ಚಮತ್ಕಾರದ ಮಾತೂ ಅಲ್ಲಿದೆ.

ಹೇಮಾದ್ರಿ ಬೇರೆಯವರಿಗೂ ಕೆಲಸ ಕೊಟ್ಟ. ವೈದ್ಯ ಕೇಶವನ ಮಗ ಬೋಪದೇವ ಅವನ ಆಶ್ರಯದಲ್ಲಿದ್ದು ‘ಮುಕ್ತಾಫಲ’, ‘ಹರಿಲೀಲಾ’ ಬರೆದ. ಬೋಪದೇವನ ಇನ್ನೊಂದು ಕೃತಿ ‘ಮುಗ್ಧಬೋಧ’ ಸಂಸ್ಕೃತ ವ್ಯಾಕರಣವನ್ನು ಹೊಸಬರಿಗೆ ಸುಲಭ ಮಾಡುವ ಪುಸ್ತಕ. ಅದು ತನ್ನ ನೆಲದಿಂದ ಬಹುದೂರ, ಬಂಗಾಳದ ಪಾಠಶಾಲೆಗಳಲ್ಲಿ, ಶತಮಾನಗಳ ಕಾಲ ಮುಖ್ಯ ವ್ಯಾಕರಣವಾಯಿತು. ದೇವಗಿರಿಯ ಹೆಸರು ಕೇಳದ ಹುಡುಗರೂ ಬೋಪದೇವನ ಹೆಸರು ಕಲಿತರು.

ಹೇಮಾದ್ರಿಯ ಹೆಸರಿನ ಪ್ರಯಾಣ ಬೇರೆ ಥರದ್ದು. ಮಹಾರಾಷ್ಟ್ರದಲ್ಲಿ ಕಪ್ಪು ಕಲ್ಲಿನಲ್ಲಿ, ಗಾರೆಯನ್ನು ಹೆಚ್ಚು ನೆಚ್ಚದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಹಳೆಯ ಗುಡಿ ಕಂಡರೆ ಜನ ಅದನ್ನು ‘ಹೇಮಾಡಪಂತಿ’ ಎನ್ನುತ್ತಾರೆ. ಮೋಡಿ ಲಿಪಿಯನ್ನು ಲಂಕೆಯಿಂದ ತಂದವನು ಹೇಮಾಡಪಂತ ಎಂಬ ಕಥೆಯಿದೆ. ಸಜ್ಜೆ ಬೆಳೆಯನ್ನು ರೂಢಿಗೆ ತಂದವನೂ ಅವನೇ ಎನ್ನುವವರಿದ್ದಾರೆ. ಒಮ್ಮೆ ಹೆಸರು ದೊಡ್ಡದಾದರೆ ಯಾರದೆಂದು ಗೊತ್ತಿಲ್ಲದ ಕೆಲಸವೆಲ್ಲ ಅದರ ಲೆಕ್ಕಕ್ಕೆ ಜಮೆಯಾಗುತ್ತ ಹೋಗುತ್ತದೆ.

ಅದೇ ಹೆಸರಿಗೆ ಖರ್ಚಿನ ಪುಟವೂ ಇದೆ. ಮಹಾನುಭಾವ ಪಂಥದವರ ಪರಂಪರೆಯಲ್ಲಿ ಹೇಮಾದ್ರಿ ದೊಡ್ಡ ವಿದ್ವಾಂಸನಾಗಿ ಕಾಣುವುದಿಲ್ಲ. ತಮ್ಮ ಗುರು ಚಕ್ರಧರರಿಗೆ ಕಾಟ ಕೊಟ್ಟ ಅಧಿಕಾರಿಯಾಗಿ ಕಾಣುತ್ತಾನೆ. ವ್ರತಖಂಡದ ಪ್ರಶಸ್ತಿಯನ್ನು ಅವನೇ ಬರೆದುಕೊಳ್ಳಬಹುದಿತ್ತು. ಇದನ್ನು ತಿದ್ದುವುದು ಅವನ ಕೈಯಲ್ಲಿರಲಿಲ್ಲ.

ಸಿನ್ನರಿನ ಗುಡಿ, ಬೇಲೂರಿನ ಸಹಿ

ನಾಸಿಕದಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಸಿನ್ನರಿನಲ್ಲಿ ಗೊಂದೇಶ್ವರ ದೇವಾಲಯವಿದೆ. ನಡುವೆ ಶಿವನ ದೊಡ್ಡ ಗುಡಿ, ಸುತ್ತ ನಾಲ್ಕು ಸಣ್ಣವು. ಕಪ್ಪು ಬಸಾಲ್ಟ್ ಕಲ್ಲಿನ ಪಂಚಾಯತನ. ಸೇವುಣರು ಅಲ್ಲಿ ಸಾಮಂತರಾಗಿದ್ದ ಕಾಲದ್ದು, 11-12ನೇ ಶತಮಾನದ್ದು ಎಂದು ಅದರ ಕಾಲ ಗುರುತಿಸುತ್ತಾರೆ. ಹೇಮಾದ್ರಿ ಅಧಿಕಾರಕ್ಕೆ ಬಂದದ್ದು 13ನೇ ಶತಮಾನದ ಉತ್ತರಾರ್ಧದಲ್ಲಿ. ಆದರೂ ನೋಡಲು ಬಂದವರಿಗೆ ಸಿಗುವ ಉತ್ತರ ಹೇಮಾಡಪಂತಿ ಗುಡಿ ಎಂದೇ. ಅವನು ಹುಟ್ಟುವ ಮುಂಚೆ ಎದ್ದ ಕಲ್ಲುಗಳೂ ಅವನ ಹೆಸರು ಹೊತ್ತಿವೆ. ಸುತ್ತಿಗೆ ಹಿಡಿದವರ ಹೆಸರು ಯಾರ ಬಾಯಲ್ಲೂ ಇಲ್ಲ.

ಇದು ಹೀಗೇ ಆಗಬೇಕೆಂಬ ನಿಯಮವೇನೂ ಇರಲಿಲ್ಲ. ಸೇವುಣರ ಎದುರಾಳಿಗಳಾದ ಹೊಯ್ಸಳರ ನಾಡಿನಲ್ಲಿ ರೂವಾರಿಗಳು ತಮ್ಮ ಕೆಲಸದ ಕೆಳಗೆ ಸಹಿ ಹಾಕಿದರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರ ಹೆಸರೂ ಇವೆ. ಬರಿ ಹೆಸರಲ್ಲ, ಎದುರಾಳಿ ರೂವಾರಿಗಳನ್ನು ಕೆಣಕುವಂಥ ಬಿರುದುಗಳೂ ಇವೆ. ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು 1196ರ ಅಮೃತಾಪುರದಲ್ಲೂ ಇದೆ, 1268ರ ಸೋಮನಾಥಪುರದಲ್ಲೂ ಇದೆ. ಒಂದು ಊರಿನ ಕೆಲಸ ಮುಗಿದ ಮೇಲೆ ಇನ್ನೊಂದು ಊರಿನವರು ಕರೆಯಬೇಕಾದ ಕಸುಬಿನಲ್ಲಿ ಆ ಸಹಿಯೇ ಅವರ ಪರಿಚಯಪತ್ರ. ನೋಡುವವನಿಗೆ ಮೂರ್ತಿ ಕಾಣುತ್ತದೆ, ಅದರ ಬುಡದಲ್ಲೇ ಮಾಡಿದವನ ಹೆಸರು ಕಾಣುತ್ತದೆ. ಎರಡರ ನಡುವೆ ಸಾಕ್ಷಿ ಬೇಕಿಲ್ಲ.

ಬೇಲೂರಿನ ಶಿಲ್ಪಿ ಸಹಿ ಹಾಕಿದ್ದರಿಂದ ಅವನ ಮೂರ್ತಿ ಚೆನ್ನಾಗಿ ಬರಲಿಲ್ಲ. ಸಹಿ ಹಾಕದಿದ್ದರೆ ಮಾತ್ರ ಅದು ಯಾವನೋ ಮಂತ್ರಿಯ, ಯಾವನೋ ದಂಡನಾಯಕನ ಲೆಕ್ಕಕ್ಕೆ ಹೋಗುತ್ತಿತ್ತು. ಹೆಸರು ಹೇಳಿಕೊಳ್ಳುವುದಕ್ಕೆ ನಾಚುವ ಕೆಲಸಗಾರ ತನ್ನ ಕೂಲಿಯ ಒಂದು ಭಾಗವನ್ನು ಬಿಟ್ಟುಕೊಟ್ಟಂತೆ ಎಂಬುದನ್ನು ಸಿನ್ನರ್ ಮತ್ತು ಬೇಲೂರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಅಲ್ಲಗಳೆಯುವುದು ಕಷ್ಟ.

ಸಾಲ ಮಾಡಿ ಕಟ್ಟಿದ ಹೆಸರು

1296ರಲ್ಲಿ ಅಲಾವುದ್ದೀನ್ ಖಿಲ್ಜಿ ದೇವಗಿರಿಯ ಮೇಲೆ ಬಿದ್ದ. 1317ರ ಹೊತ್ತಿಗೆ ಸೇವುಣರ ರಾಜ್ಯ ಮುಗಿಯಿತು. ಹತ್ತು ವರ್ಷ ಕಳೆದು ಮುಹಮ್ಮದ್ ಬಿನ್ ತುಘಲಕ್ ಅದನ್ನೇ ದೌಲತಾಬಾದ್ ಎಂದು ತನ್ನ ರಾಜಧಾನಿ ಮಾಡಲು ಹೊರಟ. ದೊರೆ ಬದಲಾದ, ಭಾಷೆ ಬದಲಾಯಿತು. ಕೆಲಸ ಹುಡುಕಿಕೊಂಡು ಬರುವವರು ಬರುತ್ತಲೇ ಇದ್ದರು.

ಅವರಲ್ಲಿ ಮೊರಾಕ್ಕೋದ ಇಬ್ನ್ ಬತೂತ ಒಬ್ಬ. ತುಘಲಕ್ ಪರದೇಶಿ ವಿದ್ವಾಂಸರಿಗೆ ಕೈಬಿಚ್ಚಿ ಕೊಡುತ್ತಾನೆಂಬ ಸುದ್ದಿ ಕೇಳಿ ಅವನು 1333ರಲ್ಲಿ ಸಿಂಧೂ ನದಿಗೆ ಬಂದ. ಸುಲ್ತಾನನನ್ನು ಕಾಣುವವರು ಕಾಣಿಕೆ ಒಯ್ಯಬೇಕು. ಅವನು ಅದರ ಹಲವು ಪಟ್ಟು ಮರಳಿ ಕೊಡುತ್ತಾನೆ. ಇದನ್ನೇ ನೆಚ್ಚಿ ಹೊಸಬರಿಗೆ ಕುದುರೆ, ಗುಲಾಮರು, ಬೆಲೆಬಾಳುವ ವಸ್ತುಗಳನ್ನು ಸಾಲವಾಗಿ ಕೊಡುವ ವ್ಯಾಪಾರಿಗಳು ಅಲ್ಲಿದ್ದರು. ಇಬ್ನ್ ಬತೂತನೂ ಸಾಲ ತೆಗೆದುಕೊಂಡ. ದೆಹಲಿಯಲ್ಲಿ ವರ್ಷಕ್ಕೆ 12,000 ದಿನಾರ್ ಸಂಬಳದ ಕಾಜಿ ಹುದ್ದೆ ಸಿಕ್ಕಿತು. ಅಲ್ಲಿನವರ ಭಾಷೆ ಅವನಿಗೆ ಬಾರದು, ಅವನ ಮಾಲಿಕಿ ಪಂಥ ಅಲ್ಲಿ ನಡೆಯುತ್ತಿದ್ದ ಹನಫಿ ಪಂಥಕ್ಕಿಂತ ಬೇರೆ. ಸುಲ್ತಾನ ಅವನಿಗೆ ಇಬ್ಬರು ಸಹಾಯಕರನ್ನು ಕೊಟ್ಟ. ಸಾಲ ಮಾತ್ರ 55,000 ದಿನಾರಿಗೆ ಏರಿತು. ಸಾಲಗಾರರು ದೇಶ ಬಿಡುವ ಮುಂಚೆ ಹಣ ಕೊಡೆಂದು ಪಟ್ಟು ಹಿಡಿದಾಗ ಅವನು ಸುಲ್ತಾನನನ್ನು ಹೊಗಳಿ ಅರಬ್ಬಿಯಲ್ಲಿ ಪದ್ಯ ಕಟ್ಟಿ ಒಪ್ಪಿಸಿ, ಸಾಲ ತೀರಿಸುವಂತೆ ಕೇಳಿಕೊಳ್ಳಬೇಕಾಯಿತು. ಹೆಸರು ಕೆಲಸ ಕೊಡಿಸಿತು. ಆ ಹೆಸರಿಗೆ ತಕ್ಕ ಹಾಗೆ ಬದುಕುವ ಖರ್ಚು ಸಂಬಳವನ್ನು ಮೀರಿತು.

1340ರ ದಶಕದ ಆರಂಭದಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೊರಟಾಗ ಅವನು ದೌಲತಾಬಾದ್ ಹಾದು ಹೋದ. ಹಾಡುವವರದೇ ಒಂದು ದೊಡ್ಡ ಬಜಾರು, ತರಬಾಬಾದ್, ಅಲ್ಲಿತ್ತೆಂದು ಬರೆದಿದ್ದಾನೆ. ಸಾಲಾಗಿ ಅಂಗಡಿಗಳು, ಅಲಂಕರಿಸಿದ ಆಸನಗಳು, ಹಾಡುವ ಹೆಂಗಸರು. ನೂರು ವರ್ಷ ಹಿಂದೆ ಅದೇ ಬೆಟ್ಟದ ಬುಡದಲ್ಲಿ ಒಬ್ಬ ಕರಣಿಕ ಉತ್ತಮ ಮೇಳಕ್ಕೆ ಎಷ್ಟು ಗಾಯಕಿಯರು ಬೇಕೆಂದು ಲೆಕ್ಕ ಹಾಕಿದ್ದ. ಆ ಬಜಾರಿನಲ್ಲಿ ಹಾಡಿದವರ ಒಂದು ಹೆಸರೂ ಇಬ್ನ್ ಬತೂತನ ಪುಸ್ತಕದಲ್ಲಿಲ್ಲ. ಅವನು ಎಲ್ಲರಿಗಿಂತ ಹೆಚ್ಚಾಗಿ ಉಳಿದದ್ದು ಸಾಲ ಮಾಡಿ ಕಟ್ಟಿದ ಕಾಜಿ ಎಂಬ ಪದವಿಯಿಂದಲೂ ಅಲ್ಲ. ಕಂಡದ್ದನ್ನು ಊರಿಗೆ ಮರಳಿದ ಮೇಲೆ ಕೂತು ಬರೆಸಿದ್ದರಿಂದ.

ಉಳಿದದ್ದು

ದೇವಗಿರಿಯಲ್ಲಿ ಕೆಲಸ ಪಡೆದವರು ಯಾರೂ ವಿನಯವಂತರಾಗಿ ಮೂಲೆಯಲ್ಲಿ ಕೂತವರಲ್ಲ. ಹೆಸರು ಹೇಳಿದರು, ಹಿರಿಯರ ಹೆಸರು ಹೇಳಿದರು, ಬಿರುದು ಹೇಳಿದರು. ಅದು ಅಂದಿನ ರೀತಿ. ಹೇಳದಿದ್ದರೆ ದೊರೆಯವರೆಗೆ ಸುದ್ದಿ ಹೋಗುವ ಬೇರೆ ದಾರಿ ಇರಲಿಲ್ಲ. ಆದರೆ ಒಬ್ಬೊಬ್ಬರ ಬಿರುದಿನ ಹಿಂದೆಯೂ ಪರೀಕ್ಷಿಸಿ ನೋಡಬಹುದಾದ ಒಂದು ವಸ್ತು ಇತ್ತು. ಭಾಸ್ಕರಾಚಾರ್ಯನ ಮನೆಯವರ ಬಳಿ ಮಾಡಿ ನೋಡಬಹುದಾದ ಲೆಕ್ಕ, ಶಾರ್ಙ್ಗದೇವನ ಬಳಿ ಹಾಡಿ ನೋಡಬಹುದಾದ ರಾಗ, ಬೋಪದೇವನ ಬಳಿ ಹುಡುಗರಿಗೆ ಕಲಿಸಿ ನೋಡಬಹುದಾದ ವ್ಯಾಕರಣ, ಚಾವಣನ ಬಳಿ ಕಣ್ಣೆದುರು ನಿಂತ ಮೂರ್ತಿ. ದೊರೆಗೆ ಆ ಪರೀಕ್ಷೆ ಮಾಡುವ ಶಕ್ತಿ ಇರಲಿ ಬಿಡಲಿ, ಅವನ ಸುತ್ತ ಇದ್ದವರಲ್ಲಿ ಯಾರಿಗಾದರೂ ಇರುತ್ತಿತ್ತು.

ಅವರ ಅನುಕೂಲಗಳನ್ನೂ ಮರೆಯುವಂತಿಲ್ಲ. ಪಾಟಣದ ಶಾಸನದ ವಂಶಾವಳಿ ಯಾರಿಗೆ ಬೇಕಾದರೂ ಬರೆಸಲು ಸಿಗುವಂಥದಲ್ಲ. ಆ ಕಾಲದಲ್ಲಿ ಸಂಸ್ಕೃತ ಓದುವ ಅವಕಾಶವೇ ಕೆಲವರ ಮನೆಗೆ ಸೀಮಿತವಾಗಿತ್ತು. ಗಾಣದ ಎಣ್ಣೆ ಕೊಟ್ಟವನ ಮಗ ಆ ಮಠದ ಅಂಗಳಕ್ಕೆ ವಿದ್ಯಾರ್ಥಿಯಾಗಿ ಬಂದ ಎಂದು ಶಾಸನ ಹೇಳುವುದಿಲ್ಲ. ಇವತ್ತು ವಾಳೂಜಿನ ಕಾರ್ಖಾನೆಯ ಗೇಟಿನ ಮುಂದೆ ಫೈಲು ಹಿಡಿದು ನಿಲ್ಲುವವರಲ್ಲಿ ಹೆಚ್ಚಿನವರಿಗೆ ಹೇಳಿಕೊಳ್ಳಲು ಅಂಥ ಅಜ್ಜನಿಲ್ಲ. ಅವರ ಸ್ಥಿತಿ ಚಾಂಗದೇವನಿಗಿಂತ ಬಳ್ಳಿಗಾವೆಯಿಂದ ಉಳಿ ಸುತ್ತಿಗೆ ಹೊತ್ತು ಬೇಲೂರಿಗೆ ಬಂದ ಅಪ್ಪ ಮಗನಿಗೆ ಹತ್ತಿರ. ಆ ಇಬ್ಬರು ಮೊದಲು ಮೂರ್ತಿ ಮುಗಿಸಿದರು. ಆಮೇಲೆ ಅದರ ಪೀಠದ ಮೇಲೆ, ಓದುವವರಿಗೆ ಕಾಣುವ ಜಾಗದಲ್ಲಿ, ತಾವು ಯಾರು, ಯಾವ ಊರಿನವರು ಎಂದು ಕೊರೆದರು.